ಎರಡನೇ ಬ್ರೇಕು

"ನಿನ್ನೆ ನಾನು ಬಿದ್ದೆನೇನೋ?"

ಕಾರಿನ ಬಾಗಿಲು ಹಿಡಿದು ನಿಂತು ಅಕ್ಕ ಕೇಳಿದಳು. ಲೋಕದ ಉಳಿದ ಜನವೆಲ್ಲ ಎದ್ದ ಕೂಡಲೇ ಗಡಿಯಾರ ನೋಡಿದರೆ ಅಕ್ಕ ಈಚೆಗೆ ತಮ್ಮನ ಮುಖ ನೋಡುತ್ತಾಳೆ, ನೋಡಿ ಈ ಒಂದು ಪ್ರಶ್ನೆ ಕೇಳುತ್ತಾಳೆ. "ಇಲ್ಲಕ್ಕ, ನಿನ್ನೆ ಬೀಳ್ಲಿಲ್ಲ" ಎಂದ ಅವನು. ಎಂದ ಮೇಲೆ ತನ್ನ ಮಾತು ತನ್ನ ಕಿವಿಗೇ ಚುಚ್ಚಿತು. 'ನಿನ್ನೆ' ಎನ್ನುವಾಗ ನಾಲಿಗೆ ಒಂದಿಷ್ಟು ಹೆಚ್ಚು ಭಾರ ಹಾಕಿತ್ತು, ಮೊನ್ನೆ ಬಿದ್ದಿದ್ದಳು ಎಂಬಂತೆ, ನಾಳೆ ಬಿದ್ದೇ ಬೀಳುತ್ತಾಳೆ ಎಂಬಂತೆ. ಅಕ್ಕ ಮಾತ್ರ ಪರೀಕ್ಷೆಯಲ್ಲಿ ಪಾಸಾದ ಹುಡುಗಿಯ ಹಾಗೆ ತಲೆಯಾಡಿಸಿದಳು. ತಲೆಗೆ ಸ್ಕಾರ್ಫ್ ಸುತ್ತಿದ್ದಳು. ಅದರ ಕೆಳಗೆ ಒಂದು ಪಕ್ಕದ ಕೂದಲು ಬೋಳಿಸಿ ತಲೆಬುರುಡೆಗೆ ತೂತು ಕೊರೆದು ರಕ್ತ ಬಸಿದ ಗುರುತಿತ್ತು. ಬಸಿದದ್ದು ಮತ್ತೆ ತುಂಬಿಕೊಂಡಿದೆ ಎಂದು ಹೊಸ ಸ್ಕ್ಯಾನು ಹೇಳಿತ್ತು. ಮೆದುಳಿಗೂ ಅದರ ಹೊದಿಕೆಗೂ ನಡುವೆ ಹಳೇ ರಕ್ತದ ಕೊಳ. ಇನ್ನೂ ಚಿಕ್ಕದು, ಆದರೆ ಬೆಳೆಯುವ ಜಾತಿಯದು. ಮತ್ತೆ ಕೊರೆಯುವುದೋ, ಕೊರೆಯದೆ ಅದಕ್ಕೆ ರಕ್ತ ಕೊಡುವ ನಾಳದ ಬಾಯಿಯನ್ನೇ ಕಟ್ಟುವುದೋ, ಇವತ್ತು ತೀರ್ಮಾನವಾಗಬೇಕು.

ಅವನು ಡ್ರೈವಿಂಗ್ ಕಲಿಸುವವನು. ಆ ಊರಿನಲ್ಲಿ ಸ್ಟಿಯರಿಂಗ್ ಹಿಡಿದವರಲ್ಲಿ ಅರ್ಧ ಜನ ಅವನಿಂದ ಬೈಸಿಕೊಂಡು ಕಲಿತವರು, ಉಳಿದರ್ಧ ಬೈಸಿಕೊಳ್ಳದೆ ಲೈಟ್ ಕಂಬಕ್ಕೆ ಗುದ್ದಿದವರು. ಎಡ ಯಾವುದು ಬಲ ಯಾವುದು ತಿಳಿಯದ ಗಣಿತದ ಪ್ರೊಫೆಸರು, ಹಿಂದಿನಿಂದ ಹಾರ್ನ್ ಕೇಳಿದರೆ ಅಳುವ ಪೈಲ್ವಾನ, ಕ್ಲಚ್ ಒತ್ತುವಾಗ ಕಣ್ಣು ಮುಚ್ಚುವ ಮದುಮಗಳು, ಎಲ್ಲರನ್ನೂ ರಸ್ತೆಗೆ ಇಳಿಸಿ ಜೀವಂತ ಮನೆ ಸೇರಿಸಿದವನು. ಕಲಿಸುವವನ ಸೀಟಿನ ಮುಂದೆ ಇನ್ನೊಂದು ಬ್ರೇಕ್ ಇರುತ್ತದಲ್ಲ, ಅದರ ಮೇಲೆ ಅವನ ಕಾಲು ಹದ್ದು ಕೂತಂತೆ ಕೂತಿರುತ್ತಿತ್ತು. ಯಮ ಅದೆಷ್ಟೋ ಸಲ ಆ ಕೆಂಪು ಕಾರಿನ ಮುಂದೆ ಬಂದು, ಆ ಕಾಲನ್ನು ನೋಡಿ, ನಾಚಿಕೊಂಡು ವಾಪಸು ಹೋಗಿದ್ದಾನೆ ಎಂದು ಅವನೇ ಹೇಳಿಕೊಂಡು ತಿರುಗುತ್ತಿದ್ದ. ಊರು ಅವನನ್ನು ಬ್ರೇಕ್ ಮೇಷ್ಟ್ರು ಎನ್ನುತ್ತಿತ್ತು. ಅಕ್ಕನಿಗೆ ಮಾತ್ರ ಅವನು ತೊಟ್ಟಿಲಿಂದಲೂ ಬೊಗಳೆ. ಇರುವೆ ಕಚ್ಚಿದರೆ ಹಾವು ಎನ್ನುವವನು, ಎರಡು ಹನಿ ಬಿದ್ದರೆ ಪ್ರಳಯ ಎನ್ನುವವನು.

ಅಕ್ಕ ಪಕ್ಕದ ಸೀಟಿನಲ್ಲಿ ಕೂತಳು. ಅದೇ ಸೀಟು, ಎರಡನೇ ಬ್ರೇಕು ಇರುವ ಸೀಟು. ಮಲಗಿದ ನಾಯಿಯ ಬಾಲ ತುಳಿಯಬಾರದೆಂಬಂತೆ ಎರಡೂ ಪಾದಗಳನ್ನು ಹಿಂದಕ್ಕೆ ಎಳೆದುಕೊಂಡು ಮಂಡಿ ಜೋಡಿಸಿ ಕೂತಿದ್ದಳು. ಗೇರ್ ಹಾಕುವಾಗ ಅವನ ಕಣ್ಣು ಆ ಪಾದಗಳ ಕಡೆಗೇ ಓಡಿತು. ಎಡಗೈ ಮಡಿಲಲ್ಲಿ ಮಲಗಿತ್ತು, ಯಾರದೋ ಕೈಯನ್ನು ಸ್ವಲ್ಪ ಹೊತ್ತು ನೋಡಿಕೊಳ್ಳಿ ಎಂದು ಇವಳಿಗೆ ಕೊಟ್ಟು ಹೋದ ಹಾಗೆ. ಮೊದಲೆಲ್ಲ ಆ ಕೈ ಬಟ್ಟೆ ಹಿಡಿಯುತ್ತಿತ್ತು, ಬಲಗೈ ಕತ್ತರಿ ಆಡಿಸುತ್ತಿತ್ತು. ಭೂಮಿಯ ಮೇಲಿನ ಕಿಟಕಿಗಳಿಗೆಲ್ಲ ಪರದೆ ಹೊಲಿದುಕೊಟ್ಟವಳು ಅಕ್ಕ. ಕಿಟಕಿಯನ್ನು ಒಮ್ಮೆ ನೋಡಿದರೆ ಸಾಕು, ಅಳತೆಪಟ್ಟಿ ನಾಚಿಕೆಯಿಂದ ತಾನೇ ಸುರುಳಿ ಸುತ್ತಿಕೊಳ್ಳಬೇಕು. ಈಗ ಸೂಜಿ ಬೀಳುತ್ತದೆ. ಸೂಜಿ ಬಿದ್ದದ್ದು ಅವಳಿಗೆ ತಿಳಿಯುವುದು ನೆಲದಲ್ಲಿ ಸದ್ದಾದ ಮೇಲೆ, ಸೂಜಿ ಬೀಳುವುದಕ್ಕೆ ಸದ್ದಾದರೂ ಎಷ್ಟು. "ಸೂಜಿ ಬಿದ್ದದ್ದೇ ಗೊತ್ತಾಗಲ್ಲ, ಇನ್ನು ನಾನು ಬಿದ್ದದ್ದು ಎಲ್ಲಿ ಗೊತ್ತಾಗ್ಬೇಕು" ಎಂದು ಮೊನ್ನೆ ನಕ್ಕಿದ್ದಳು. ಅವನೂ ನಕ್ಕಿದ್ದ. ನಕ್ಕ ಬಾಯಿಯನ್ನು ಆಮೇಲೆ ಬಚ್ಚಲಿಗೆ ಹೋಗಿ ತೊಳೆದುಕೊಂಡಿದ್ದ.

ಅಕ್ಕ ಬಿದ್ದಿರಲಿಲ್ಲ. ಒಂದು ಸಲವೂ ಇಲ್ಲ.

ವೃತ್ತದಲ್ಲಿ ಕೆಂಪು ದೀಪ. ಹಿಂದೆಲ್ಲ ಪರದೆಗಳ ಗಂಟು ಹೊತ್ತುಕೊಂಡು ಗಿರಾಕಿಗಳ ಮನೆಗೆ ಹೋಗಲು ಅಕ್ಕನಿಗೆ ತಮ್ಮನ ಕಾರೇ ಆಗಬೇಕಿತ್ತು. ಅವನು ತಡವಾಗಿ ಬರುತ್ತಿದ್ದ, ಹಿಮಾಲಯ ಹೊತ್ತು ತಂದವನ ಹಾಗೆ ನಿಟ್ಟುಸಿರು ಬಿಡುತ್ತಿದ್ದ, ನಾನಿಲ್ಲದಿದ್ದರೆ ನಿನ್ನ ಗತಿ ಏನು ಎಂದು ನಗುತ್ತಿದ್ದ. ಅವಳು ಗಂಟಿನ ಮೇಲೆ ಕೂತು ಕಾಯುತ್ತಿದ್ದಳು. ಈ ವಯಸ್ಸಿನಲ್ಲಿ ಒಂದು ದಿನ "ನನಗೂ ಕಲಿಸೋ" ಎಂದಳು. ಕಲಿಯಲಾರಳು ಎಂಬ ಧೈರ್ಯದಿಂದಲೇ ಅವನು ಒಪ್ಪಿಕೊಂಡ. ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯುವವಳ ಕೈ ಅದು, ಕಾರು ಅವಳ ಕೈಯಲ್ಲಿ ಗೆರೆ ಹಿಡಿದಂತೆ ಹೋಗತೊಡಗಿತು. ಅವನ ಕಾಲಿಗೆ ಕೆಲಸ ಕಡಿಮೆಯಾಯಿತು, ಆಮೇಲೆ ಕೆಲಸವೇ ಇಲ್ಲವಾಯಿತು. ಆ ದಿನ ನೀರಿನ ಟ್ಯಾಂಕಿನ ಪಕ್ಕದ ತಿರುವು. ಇಂಡಿಕೇಟರ್ ಹಾಕಿದಳು, ಕನ್ನಡಿ ನೋಡಿದಳು, ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ತಿರುಗಿಸಿದಳು, ತಿರುಗಿಸುತ್ತಲೇ ನಕ್ಕಳು. "ಇನ್ಮೇಲೆ ನಿನ್ನ ಕಾಯೋದು ತಪ್ಪಿತು ನೋಡೋ ಬೊಗಳೆ." ರಸ್ತೆಯಲ್ಲಿ ಏನೂ ಇರಲಿಲ್ಲ. ಮಗುವಿರಲಿಲ್ಲ, ಸೈಕಲ್ ಇರಲಿಲ್ಲ, ಉದುರಿದ ಒಂದು ಎಲೆಯೂ ಇರಲಿಲ್ಲ. ಅವನ ಕಾಲು ಇಳಿಯಿತು. ಕಾಲೇ ಇಳಿಯಿತು ಎಂದು ಅವನು ತನಗೆ ತಾನು ಸಾವಿರ ಸಲ ಹೇಳಿಕೊಂಡಿದ್ದಾನೆ, ಕಾಲು ಬೇರೆ ಯಾರದೋ ಎಂಬಂತೆ. ಅಕ್ಕನ ತಲೆ ಬಾಗಿಲ ಕಂಬಕ್ಕೆ ಬಡಿಯಿತು. ದೊಡ್ಡ ಸದ್ದೇನಲ್ಲ, ಬೆರಳ ಗೆಣ್ಣಿನಿಂದ ಬಾಗಿಲು ತಟ್ಟಿದಷ್ಟು. "ಯಾಕೋ?" "ನಾಯಿ ಅಡ್ಡ ಬಂತು." "ಎಲ್ಲಿ?" "ಹೋಯ್ತು." ಅಕ್ಕ ತಲೆ ಉಜ್ಜಿಕೊಂಡು, ಇಲ್ಲದ ನಾಯಿಯನ್ನು ಕನ್ನಡಿಯಲ್ಲಿ ಹುಡುಕಿ, "ಪಾಪ, ತಪ್ಪಿಸಿಕೊಳ್ತಲ್ಲ, ಸದ್ಯ" ಎಂದಿದ್ದಳು.

ಹಿಂದಿನವನು ಹಾರ್ನ್ ಬಾರಿಸಿದ. ದೀಪ ಹಸಿರಾಗಿ ಎಷ್ಟೋ ಹೊತ್ತಾಗಿತ್ತು. "ಏನೋ, ನೀನೇ ಹೀಗೆ ನಿಂತ್ಕೊಂಡ್ರೆ ನಿನ್ನ ಶಿಷ್ಯರ ಗತಿಯೇನು?" ಎಂದಳು ಅಕ್ಕ.

ಆಸ್ಪತ್ರೆಯ ಕಾರಿಡಾರು ಭೂಮಧ್ಯರೇಖೆಯಷ್ಟು ಉದ್ದ. ಅಕ್ಕ ಗೋಡೆ ಹಿಡಿದು ನಡೆದಳು. ಬೆರಳುಗಳು ಬಾಗಿಲ ಚೌಕಟ್ಟಿನಿಂದ ಚೌಕಟ್ಟಿಗೆ ದಾಟುವಾಗ ನಡುವಿನ ಖಾಲಿ ಜಾಗದಲ್ಲಿ ಉಸಿರು ಕಟ್ಟಿಕೊಳ್ಳುತ್ತಿದ್ದಳು, ಹೊಳೆ ದಾಟುವವರು ಕಲ್ಲಿನಿಂದ ಕಲ್ಲಿಗೆ ಕಾಲಿಡುವ ಹಾಗೆ. ಇದನ್ನು ಅವಳಿಗೆ ಯಾವ ಪೆಟ್ಟೂ ಕಲಿಸಿರಲಿಲ್ಲ. ಇವನು ಕಲಿಸಿದ್ದು. ಊರಿಗೆಲ್ಲ ಓಡಿಸಲು ಕಲಿಸಿದವನು ಅಕ್ಕನಿಗೆ ನಡೆಯಲು ಹೆದರುವುದನ್ನು ಕಲಿಸಿದ್ದ, ಅದೂ ಒಂದೇ ಪಾಠದಲ್ಲಿ. ಕಾರಿನ ಪೆಟ್ಟಾಗಿ ಕೆಲವು ವಾರಗಳ ಮೇಲೆ ಅಕ್ಕನಿಗೆ ಮಾತು ತೊದಲಿ, ರವಿಕೆಯ ತೋಳು ಸಿಗದೆ ಒದ್ದಾಡಿದ ದಿನ ತುರ್ತು ಚಿಕಿತ್ಸೆಯ ಕೋಣೆಯಲ್ಲಿ ಜನ ಇರುವೆ ಮುತ್ತಿದಂತೆ ಮುತ್ತಿದ್ದರು. ಡ್ಯೂಟಿ ಡಾಕ್ಟರು ತಲೆ ಎತ್ತದೆ, "ತಲೆಗೆ ಪೆಟ್ಟಾಗಿತ್ತಾ? ಬಿದ್ದಿದ್ರಾ?" ಎಂದು ಕೇಳಿದ್ದರು. ಆ ಪ್ರಶ್ನೆಗೆ ಒಂದು ಸಣ್ಣ ಉತ್ತರವಿತ್ತು. ಅದು ಗಂಟಲವರೆಗೆ ಬಂದು, ಅಲ್ಲಿ ಕೂತಿದ್ದ ಬೊಗಳೆಯ ಕೈಗೆ ಸಿಕ್ಕಿತು. "ಬಿದ್ದಿದ್ರಾ ಅಂತ ಕೇಳ್ತೀರಾ ಡಾಕ್ಟ್ರೇ! ಬೀಳದ ದಿನ ಯಾವ್ದು ಅಂತ ಕೇಳಿ! ಬಚ್ಚಲಲ್ಲಿ ಬೀಳ್ತಾಳೆ, ಮೆಟ್ಟಿಲಲ್ಲಿ ಬೀಳ್ತಾಳೆ, ನಿಂತ ಕಡೆ ನಿಂತ ಹಾಗೇ ಬಿದ್ದುಹೋಗ್ತಾಳೆ!" ಡಾಕ್ಟರು ತಲೆ ಎತ್ತಿದ್ದರು. ಸ್ಟ್ರೆಚರ್ ಬಂದಿತ್ತು. ಬೊಗಳೆ ಅಕ್ಕನ ಜೀವ ಉಳಿಸಿತು ಎಂದು ಆ ಕ್ಷಣ ಅವನಿಗೆ ಹೆಮ್ಮೆಯೂ ಆಗಿತ್ತು, ಅದನ್ನು ನೆನೆದರೆ ಈಗ ಮೈ ಮುಳ್ಳೇಳುತ್ತದೆ. ತೂತು ಕೊರೆದು ರಕ್ತ ಬಸಿದ ಮೇಲೆ ಅಕ್ಕನಿಗೆ ಮಾತು ಮರಳಿತು, ಹೆಸರುಗಳು ಮರಳಿದವು. ಕಾರು ಕಲಿತದ್ದು ಮರಳಿತು. ನೀರಿನ ಟ್ಯಾಂಕಿನ ತಿರುವಿನ ದಿನ ಮಾತ್ರ ಮರಳಲಿಲ್ಲ. ಆ ಜಾಗದಲ್ಲಿ ತಮ್ಮ ಹೇಳಿದ ಬಿದ್ದ ಕತೆಗಳನ್ನೆಲ್ಲ ಅವಳು ಒಂದೊಂದಾಗಿ ಜೋಡಿಸಿಟ್ಟುಕೊಂಡಳು, ಅವನ ಮಾತನ್ನು ಎಂದೂ ಪೂರ್ತಿ ನಂಬದಿದ್ದವಳು.

"ಅಯ್ಯೋ, ಮೇಷ್ಟ್ರು!" ನರ್ಸು ಎದ್ದು ನಿಂತಳು. ಇವಳೂ ಶಿಷ್ಯೆಯೇ. ಅವನ ಎದೆ ಹಳೇ ಅಭ್ಯಾಸದಿಂದ ಉಬ್ಬಿತು. ನರ್ಸು ಅಕ್ಕನ ಮಣಿಕಟ್ಟಿಗೆ ಹಳದಿ ಪಟ್ಟಿ ಕಟ್ಟುತ್ತ ಹೇಳಿದಳು, "ಅಮ್ಮಾ, ನಿಮ್ಮ ತಮ್ಮನ ಕಾರಲ್ಲಿ ನಾನೊಂದು ಸಲಾನೂ ಬ್ರೇಕ್ ಒತ್ತಿದ್ದು ನೆನಪಿಲ್ಲ. ನಾನು ಒತ್ಬೇಕು ಅಂದ್ಕೊಳ್ಳೋದ್ರೊಳಗೆ ಇವರ ಕಾಲು! ಲೈಸೆನ್ಸ್ ಬಂದ್ಮೇಲೆ ನನ್ನ ಕಾರಲ್ಲಿ ಕೂತಾಗ್ಲೇ ನನಗೆ ಬ್ರೇಕ್ ಹಾಕೋಕೇ ಬರಲ್ಲ ಅಂತ ಗೊತ್ತಾಗಿದ್ದು."

ಅಕ್ಕ ಜೋರಾಗಿ ನಕ್ಕಳು. "ನನಗೂ ಕಲಿಸ್ತಿದ್ದ ಕಣಮ್ಮ. ಅಷ್ಟರಲ್ಲಿ ಈ ಬೀಳೋ ರೋಗ ಶುರುವಾಯ್ತು." ಪಟ್ಟಿಯನ್ನು ತಿರುಗಿಸಿ ನೋಡಿದಳು. "ಇದೇನು ಹಳದಿ?"

"ಬೀಳೋ ಪೇಷೆಂಟ್‌ಗಳಿಗೆ. ಯಾರು ನೋಡಿದ್ರೂ ಹುಷಾರಾಗಿರ್ಲಿ ಅಂತ."

ಅಕ್ಕ ಪಟ್ಟಿಯನ್ನು ಸೆರಗಿನೊಳಗೆ ಸರಿಸಿಕೊಂಡಳು. ಅವನು ನೆಲದ ಕಡೆ ನೋಡಿದ. ಅವನ ಬಲಗಾಲು ಆಸ್ಪತ್ರೆಯ ಟೈಲನ್ನು ಒತ್ತುತ್ತಿತ್ತು, ಹಿಮ್ಮಡಿ ನೆಲಕ್ಕಿಟ್ಟು, ಬೆರಳುಗಳು ಮುಂದಕ್ಕೆ ಚಾಚಿ, ಷೂಸಿನ ಅಟ್ಟೆ ಬಾಗುವಷ್ಟು.

ಕೋಣೆಯಲ್ಲಿ ಇಬ್ಬರು ಡಾಕ್ಟರುಗಳಿದ್ದರು. ಕೊರೆಯುವ ಡಾಕ್ಟರು ಬಾಗಿಲೆತ್ತರದ ಮನುಷ್ಯ, ಮೊದಲ ಆಪರೇಷನ್ ಮಾಡಿದವರು. ಅವರ ಬೆರಳುಗಳನ್ನು ನೋಡಿದರೆ ಸುರಂಗ ಕೊರೆಯುವ ಯಂತ್ರಕ್ಕೂ ಕೆಲಸ ಹೋಗುವ ಭಯ ಹುಟ್ಟಬೇಕು. ನಾಳದ ಡಾಕ್ಟರು ಸಣ್ಣಗಿನ ಹೆಂಗಸು, ಮಾತು ಕೂಡ ದಾರ ಪೋಣಿಸಿದಷ್ಟು ಮೆಲ್ಲಗೆ. ಗೋಡೆಯ ಪರದೆಯ ಮೇಲೆ ಅಕ್ಕನ ತಲೆ, ಬೂದು ಬಣ್ಣದ್ದು; ಒಂದು ಅಂಚಿನಲ್ಲಿ ಬಾಳೆಹಣ್ಣಿನ ಆಕಾರದ ಮಸುಕು. ಅಕ್ಕ ಅದನ್ನು ಗಿರಾಕಿಯ ಕಿಟಕಿ ನೋಡುವ ಹಾಗೆ ಅಳೆದಳು.

"ಸರಳವಾಗಿ ಹೇಳ್ತೀನಿ" ಎಂದರು ಕೊರೆಯುವ ಡಾಕ್ಟರು. "ನಾನು ತುಂಬಿದ ಬಕೆಟ್ ಖಾಲಿ ಮಾಡೋನು, ಇವರು ನಲ್ಲಿ ನಿಲ್ಲಿಸೋರು. ನಮ್ಮಿಬ್ಬರಿಗೂ ಜಗಳ ಇಲ್ಲ. ಸ್ವಲ್ಪ ಇದೆ." ನಗು ಬಾರದ್ದನ್ನು ಕಂಡು ಮುಂದುವರಿಸಿದರು. "ಕೊರೆದು ಬಸಿದ್ರೆ ಒತ್ತಡ ತಕ್ಷಣ ಇಳಿಯತ್ತೆ, ಕೈ ಬೇಗ ಚೇತರಿಸ್ಕೊಳ್ಳತ್ತೆ. ಆದ್ರೆ ಅದರ ಸುತ್ತ ಒಂದು ಪೊರೆ ಬೆಳೆದಿರತ್ತೆ, ಅದ್ರಲ್ಲಿ ಎಳೇ ರಕ್ತನಾಳಗಳು. ಅವು ಒಸರ್ತಾ ಇದ್ರೆ ಮತ್ತೆ ತುಂಬತ್ತೆ. ನಿಮಗೆ ಆಗಿರೋದು ಅದೇ."

"ನಾನು ಮಣಿಕಟ್ಟಿನ ಹತ್ರ ಚುಚ್ಚಿ ತೆಳ್ಳಗಿನ ಕೊಳವೆ ಬಿಡ್ತೀನಿ" ಎಂದರು ನಾಳದ ಡಾಕ್ಟರು. "ಆ ಪೊರೆಗೆ ರಕ್ತ ಕೊಡೋ ನಾಳದವರೆಗೂ ಹೋಗಿ, ಒಳಗಿಂದ ಅಂಟು ಹಾಕಿ ಮುಚ್ಚೋದು. ತಲೆ ಕೊರೆಯೋದು ಬೇಕಾಗಲ್ಲ. ಪೂರೈಕೆ ನಿಂತ್ರೆ ಒಳಗಿರೋದನ್ನ ದೇಹವೇ ಹೀರ್ಕೊಳ್ಳತ್ತೆ, ಮತ್ತೆ ತುಂಬೋ ಸಾಧ್ಯತೆ ಕಡಿಮೆ. ಆದ್ರೆ ನಿಧಾನ, ವಾರಗಟ್ಟಲೆ, ತಿಂಗಳುಗಟ್ಟಲೆ. ಅಷ್ಟರಲ್ಲಿ ಕೈ ಇನ್ನೂ ಸೋತ್ರೆ, ಮಂಪರು ಬಂದ್ರೆ ಕಾಯೋ ಹಾಗಿಲ್ಲ, ಇವರೇ ಕೊರೀಬೇಕು. ಅಪಾಯ ಇಲ್ಲವೇ ಇಲ್ಲ ಅಂತ ನಾನು ಹೇಳಲ್ಲ. ಕಣ್ಣಿಗೆ ಹೋಗೋ ಕವಲು ಅಲ್ಲೇ ಪಕ್ಕದಲ್ಲಿರತ್ತೆ, ಅಂಟು ಅದಕ್ಕೆ ಹರಿದ್ರೆ ದೃಷ್ಟಿ ಹೋಗ್ಬಹುದು. ಅಪರೂಪ, ಆದ್ರೆ ಇದೆ."

"ಎರಡ್ರಲ್ಲಿ ಯಾವ್ದು ಒಳ್ಳೇದು?" ಎಂದು ಕೇಳಿದ ಅವನು.

"ಅದಿರೋದು ಮಾತ್ರೆ ಮೇಲೆ. ಹೃದಯದ ಬಡಿತ ತಪ್ಪತ್ತೆ ಅಂತ ಇವರಿಗೆ ರಕ್ತ ತೆಳು ಮಾಡೋ ಮಾತ್ರೆ ಇತ್ತು, ಈಗ ನಿಲ್ಲಿಸಿದ್ದೀವಿ. ಅದನ್ನ ಮತ್ತೆ ಶುರು ಮಾಡೋದಾದ್ರೆ ಮೊದ್ಲು ನಲ್ಲಿ ಕಟ್ಟೋದು ವಾಸಿ, ಇಲ್ದಿದ್ರೆ ಮತ್ತೆ ಒಸರತ್ತೆ. ಶುರು ಮಾಡೋದೇ ಇಲ್ಲ ಅಂದ್ರೆ ಇನ್ನೊಂದ್ಸಲ ಬಸಿದು ನೋಡ್ಬಹುದು" ಎಂದರು ನಾಳದ ಡಾಕ್ಟರು.

"ಶುರು ಮಾಡೋದು ಹೇಗೆ?" ಕೊರೆಯುವ ಡಾಕ್ಟರು ಫೈಲ್ ಮೇಲೆ ಬೆರಳು ಕುಟ್ಟಿದರು. "ದಿನಾ ಬೀಳೋರು. ನಾಳೆ ಬಿದ್ದು ತಲೆ ಒಡೆದ್ರೆ ರಕ್ತ ನಿಲ್ಲಲ್ಲ."

"ಮಾತ್ರೆ ತಗೊಳ್ಳದಿದ್ರೆ ಏನಾಗತ್ತೆ?" ಅಕ್ಕ ಕೇಳಿದಳು.

"ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗ್ಬಹುದು. ಪಾರ್ಶ್ವವಾಯು. ಬರುತ್ತೆ ಅಂತಲ್ಲ, ಬರಬಹುದು."

ಅಕ್ಕ ಎಡಗೈಯನ್ನು ಬಲಗೈಯಿಂದ ಎತ್ತಿ ಮೇಜಿನ ಮೇಲಿಟ್ಟಳು, ಹಳದಿ ಪಟ್ಟಿ ಎಲ್ಲರಿಗೂ ಕಾಣುವ ಹಾಗೆ. "ನಾನು ಬೀಳ್ತೀನಿ ಡಾಕ್ಟ್ರೇ" ಎಂದಳು, ಒಪ್ಪಿಕೊಳ್ಳಲೇಬೇಕಾದ್ದನ್ನು ಮರ್ಯಾದೆಯಿಂದ ಒಪ್ಪಿಕೊಳ್ಳುವವಳ ದನಿಯಲ್ಲಿ. "ನಿಜ ಹೇಳ್ಬೇಕು ಅಂದ್ರೆ ನನಗೇ ಗೊತ್ತಾಗಲ್ಲ. ಮೈಮೇಲೆ ಒಂದು ಗಾಯಾನೂ ಇರಲ್ಲ. ಅದಕ್ಕೇ ಭಯ. ಬುದ್ಧೀನೇ ಹೋಯ್ತೇನೋ ಅಂತ. ಕಣ್ಣಾರೆ ನೋಡಿರೋನು ಇವನು, ಇವನನ್ನೇ ಕೇಳಿ."

ಮೂರು ತಲೆಗಳು ಅವನ ಕಡೆ ತಿರುಗಿದವು. ಗೋಡೆಯ ಮೇಲಿನ ಬೂದು ತಲೆಯೂ ತಿರುಗಿದಂತೆ ಕಂಡಿತು. ಇಡೀ ಆಸ್ಪತ್ರೆಯ ಫ್ಯಾನುಗಳೆಲ್ಲ ಒಟ್ಟಿಗೆ ನಿಂತವೇನೋ, ಸ್ಟ್ರೆಚರುಗಳು ಇದ್ದಲ್ಲೇ ಇದ್ದವೇನೋ. ಅವನು ಜೀವಮಾನವಿಡೀ ಕಡ್ಡಿಯನ್ನು ಗುಡ್ಡ ಮಾಡಿದವನು, ಈಗ ಗುಡ್ಡವನ್ನು ಕಡ್ಡಿ ಮಾಡುವ ಕೆಲಸ ಬಂದಿತ್ತು, ಅದರ ಉಪಕರಣವೇ ಅವನ ಬಳಿ ಇರಲಿಲ್ಲ. ಸ್ವಲ್ಪ ಸ್ವಲ್ಪವಾಗಿ ಕೆತ್ತಿ ತೆಗೆದರಾಯಿತು ಎಂದುಕೊಂಡ. ಮರ್ಯಾದೆಯೂ ಉಳಿಯಬೇಕು, ಅಕ್ಕನೂ ಉಳಿಯಬೇಕು. ಮೇಜಿನ ಕೆಳಗೆ ಕಾಲು ನೆಲವನ್ನು ಒತ್ತುತ್ತಲೇ ಇತ್ತು.

"ದಿನಾ ಅಂದ್ರೆ... ದಿನಾ ಏನಲ್ಲ ಡಾಕ್ಟ್ರೇ."

"ವಾರಕ್ಕೊಮ್ಮೆ?"

"ಅಷ್ಟೂ ಇಲ್ಲ. ಯಾವಾಗಾದ್ರೂ... ಒಂದೆರಡು ಸಲ."

"ಒಂದೋ, ಎರಡೋ?" ನಾಳದ ಡಾಕ್ಟರು ಪೆನ್ನಿನ ಮುಚ್ಚಳ ತೆಗೆದರು. "ನನಗದು ಬೇಕು. ಅವರ ಮಾತ್ರೆ ಅದ್ರ ಮೇಲೆ ನಿಂತಿದೆ."

ಅಕ್ಕ ಅವನ ಕಡೆಗೆ ಬಾಗಿದಳು, ತರಗತಿಯಲ್ಲಿ ಉತ್ತರ ಮರೆತ ಮಗುವಿಗೆ ಧೈರ್ಯ ಹೇಳುವವಳ ಹಾಗೆ. "ಹೇಳೋ. ನಾನೇನೂ ಬೇಜಾರು ಮಾಡ್ಕೊಳ್ಳಲ್ಲ. ಎಷ್ಟು ಬಿದ್ದಿದ್ದೀನೋ ಅಷ್ಟು ಹೇಳು."

"ಒಂದೂ ಇಲ್ಲ" ಎಂದ.

ಅವನ ಕಡೆ ಬಾಗಿದ್ದ ಅಕ್ಕ ನೆಟ್ಟಗೆ ಕೂತಳು.

"ಅವಳು ಬಿದ್ದೇ ಇಲ್ಲ. ಆಗ ಬೇಗ ನೋಡ್ಲಿ ಅಂತ ಹೇಳ್ದೆ... ಅದಕ್ಕೂ ಅಲ್ಲ. ತಲೆಗೆ ಪೆಟ್ಟಾಗಿದ್ದು ಕಾರಲ್ಲಿ. ಅವಳು ಓಡಿಸ್ತಿದ್ಲು, ನಾನು ನನ್ನ ಕಡೆ ಬ್ರೇಕ್ ಹಾಕ್ದೆ."

"ಯಾಕೆ, ಏನಾದ್ರೂ ಅಡ್ಡ ಬಂತಾ?" ಕೊರೆಯುವ ಡಾಕ್ಟರು ಕೇಳಿದರು. ಅವರಿಗೂ ಕಾರಿತ್ತು, ಆ ಪ್ರಶ್ನೆಯಲ್ಲಿ ಸಲಿಗೆಯಿತ್ತು, ಬೇಕಾದರೆ ಇಲ್ಲೊಂದು ನಾಯಿಯನ್ನು ಇಟ್ಟುಕೊಳ್ಳಬಹುದು ಎಂಬಷ್ಟು ಜಾಗವಿತ್ತು. ನಾಯಿ ನಾಲಿಗೆಯ ತುದಿಗೆ ಬಂದು ಬಾಲ ಅಲ್ಲಾಡಿಸಿತು.

"ಇಲ್ಲ" ಎಂದ.

ನಾಳದ ಡಾಕ್ಟರು ಏನೋ ಹೊಡೆದುಹಾಕಿ ಏನೋ ಬರೆದುಕೊಂಡರು. ಆಕಾಶ ಕಳಚಿ ಬೀಳಬೇಕಿತ್ತು. ಪೆನ್ನು ಕಾಗದದ ಮೇಲೆ ಗೀಚಿದ ಸದ್ದಾಯಿತು, ಅಷ್ಟೇ. ಅವರಿಗೆ ಅದು ಬೇರೆ ನೂರರ ಜೊತೆ ಇನ್ನೊಂದು ವಿವರ. ಬೈದಿದ್ದರೆ ಎದುರಾಡಬಹುದಿತ್ತು, ಉಗಿದಿದ್ದರೆ ಒರೆಸಿಕೊಳ್ಳಬಹುದಿತ್ತು. "ಅಮ್ಮ, ಎದ್ದು ಬಾಗಿಲ ತನಕ ನಡೆದು ಬನ್ನಿ. ಏನನ್ನೂ ಹಿಡೀಬೇಡಿ" ಎಂದರು.

ಅಕ್ಕ ಎದ್ದಳು. ಬಲಗೈ ತಾನೇ ಗೋಡೆಯ ಕಡೆ ಹೊರಟಿತು, ಅರ್ಧ ದಾರಿಯಲ್ಲಿ ನಿಂತು, ಕೆಳಗಿಳಿಯಿತು. ಅವನೂ ಅರ್ಧ ಎದ್ದು ಕೈ ಚಾಚಿದ. "ಕೈ ತೆಗಿ" ಎಂದಳು ಅವಳು, ಅವನ ಕಡೆ ನೋಡದೆಯೇ. ನಡೆದಳು. ಬಾಗಿಲ ಬಳಿ ತಿರುಗಿದಳು, ನೀರಿನ ಟ್ಯಾಂಕಿನ ತಿರುವಿನಲ್ಲಿ ತಿರುಗಿದ್ದಳಲ್ಲ, ಹಾಗೇ, ಒಂದು ಚೂರೂ ಅಲುಗದೆ. ವಾಪಸು ಬಂದು ಕುರ್ಚಿಯ ಬೆನ್ನು ಹಿಡಿಯದೆ ನಿಂತಳು. ಮುಖ ಬಿಳಿಚಿತ್ತು.

"ಅಂದ್ರೆ ನನ್ನ ಬುದ್ಧಿ ನೆಟ್ಟಗಿದೆ" ಎಂದಳು.

"ನೆಟ್ಟಗೇ ಇದೆ. ಹಾರ್ಟ್ ಡಾಕ್ಟರ ಜೊತೆ ಮಾತಾಡಿ ಮಾತ್ರೆ ಮತ್ತೆ ಶುರು ಮಾಡೋ ಯೋಚನೆ ಮಾಡ್ಬಹುದು. ಹಾಗಿದ್ರೆ ನನ್ನ ಸಲಹೆ, ನಾಳ ಮುಚ್ಚೋದು. ಕೈ ಇನ್ನೂ ಸೋಲ್ತಿದ್ಯಾ ಅಂತ ದಿನಾ ನೋಡ್ಬೇಕು. ನಿಮ್ಮ ಜೊತೆ ಯಾರಿರ್ತಾರೆ, ಇವರೇ ತಾನೆ?"

ಅವನು ಬಾಯಿ ತೆರೆದ. ಅಕ್ಕ ಅದಕ್ಕೂ ಮೊದಲೇ ಹೇಳಿದಳು, "ನಾನೇ ನೋಡ್ಕೋತೀನಿ. ಸೂಜಿ ಹಿಡಿದು ನೋಡಿದ್ರೆ ಗೊತ್ತಾಗತ್ತೆ. ನಲ್ಲಿ ಕಟ್ಟಿ ಡಾಕ್ಟ್ರೇ. ಆಗದಿದ್ರೆ ಇವರು ಇದ್ದೇ ಇದ್ದಾರಲ್ಲ, ಕೊರೀಲಿ." ಸಹಿ ಹಾಕುವ ಕಾಗದವನ್ನು ಅಭ್ಯಾಸಬಲದಿಂದ ಅವನ ಕಡೆ ಸರಿಸಿದ್ದರು. ಅವಳು ಅದನ್ನು ತನ್ನ ಕಡೆ ಎಳೆದುಕೊಂಡಳು.

ಹೊರಗೆ ನರ್ಸಿನ ಮೇಜಿನ ಮೇಲೆ ಕತ್ತರಿಯಿತ್ತು. ಅಕ್ಕ ಕೇಳದೆಯೇ ಎತ್ತಿಕೊಂಡು ಹಳದಿ ಪಟ್ಟಿಯನ್ನು ಒಂದೇ ಸಲಕ್ಕೆ ಕತ್ತರಿಸಿದಳು. ಎಸೆಯಲು ಬುಟ್ಟಿ ಹುಡುಕಿದಳು, ಕಾಣಲಿಲ್ಲ. ತಮ್ಮನ ಅಂಗಿಯ ಜೇಬಿಗೆ ಹಾಕಿ, ಕಾರಿಡಾರಿನ ನಟ್ಟನಡುವೆ, ಎರಡೂ ಗೋಡೆಗಳಿಂದ ಸಮ ದೂರದಲ್ಲಿ ನಡೆದುಹೋದಳು. ಅವನು ಹಿಂದೆ ಹಿಂದೆ ಹೋದ. ಅಂಗಿಯ ಜೇಬು ಸೀಸ ತುಂಬಿದಂತೆ ಜೋತುಬಿದ್ದಿತ್ತು.

ಅವನು ಓಡಿ ಹೋಗಿ ಕಾರಿನ ಮುಂದಿನ ಬಾಗಿಲು ತೆರೆದು ಹಿಡಿದ. ಅಕ್ಕ ಹಿಂದಿನ ಬಾಗಿಲನ್ನು ತಾನೇ ತೆರೆದು ಹಿಂದಿನ ಸೀಟಿನಲ್ಲಿ ಕೂತಳು, ಬಾಡಿಗೆ ಕಾರಿನಲ್ಲಿ ಕೂರುವ ಹಾಗೆ. ತೆರೆದ ಬಾಗಿಲು ಹಿಡಿದು ಅವನು ನಿಂತೇ ಇದ್ದ. ಖಾಲಿ ಸೀಟು, ಅದರ ಮುಂದೆ ಎರಡನೇ ಬ್ರೇಕು, ಅವನ ಷೂಸು ಸವೆಸಿ ಸವೆಸಿ ಬೆಳ್ಳಿಯ ಹಾಗೆ ಹೊಳೆಯುವ ಬ್ರೇಕು. ಬಾಗಿಲು ಹಾಕಿದ. ತನ್ನ ಕಡೆ ಬಂದು ಕೂತ. ಕನ್ನಡಿಯಲ್ಲಿ ಸ್ಕಾರ್ಫಿನ ಅಂಚು ಮಾತ್ರ ಕಾಣುತ್ತಿತ್ತು. ವೃತ್ತ ದಾಟಿತು, ಅಂಗಡಿಗಳ ಬೀದಿ ದಾಟಿತು. ಕ್ಷಮಿಸು ಎಂಬ ಮಾತು ಎಷ್ಟೋ ಸಲ ಬಾಯಿಯವರೆಗೆ ಬಂತು, ಬಂದಾಗಲೆಲ್ಲ ಸಮುದ್ರ, ಬೆಂಕಿ, ಏಳು ಜನ್ಮ ಎಂದು ದೊಡ್ಡ ಪರಿವಾರ ಕಟ್ಟಿಕೊಂಡು ಬಂತು, ಅಷ್ಟು ಜನಕ್ಕೆ ಕಾರಿನಲ್ಲಿ ಜಾಗವಿರಲಿಲ್ಲ. ಮನೆಗೆ ಬೇರೆ ದಾರಿಯಿದ್ದರೂ ಅವನ ಕೈಗಳು ನೀರಿನ ಟ್ಯಾಂಕಿನ ಕಡೆಗೇ ತಿರುಗಿದವು. ತಿರುವು ಬಂತು. ರಸ್ತೆ ಅವತ್ತಿನಷ್ಟೇ ಖಾಲಿಯಾಗಿತ್ತು.

"ಇಲ್ಲೇನೋ?" ಹಿಂದಿನಿಂದ ಅಕ್ಕನ ದನಿ.

"ಹ್ಞೂಂ."

ಕಾರು ತಿರುಗಿತು. ಅವಳು ಕಿಟಕಿಯಲ್ಲಿ ನೋಡುತ್ತಿರಬೇಕು.

"ನನಗೆ ಒಂದು ಚೂರೂ ನೆನಪಿಲ್ಲ. ನೋಡಿದೋನು ನೀನೊಬ್ಬನೇ." ಟ್ಯಾಂಕು ಹಿಂದೆ ಸರಿಯಿತು. "ಚೆನ್ನಾಗಿ ಓಡಿಸ್ತಿದ್ನೇನೋ, ನಾನು?"

ಅವನಿಗೆ ಲೋಕದ ರೇಸಿನ ಕಾರುಗಳೆಲ್ಲ ನೆನಪಾದವು, ಗಾಳಿ, ಹದ್ದು, ಬಾಣ, ಎಲ್ಲವೂ ಸಾಲಾಗಿ ಬಂದು ನಿಂತವು. ಅವನು ಅವನ್ನೆಲ್ಲ ಒಂದೊಂದಾಗಿ ಹೋಗಗೊಟ್ಟ.

"ಚೆನ್ನಾಗಿ ಓಡಿಸ್ತಿದ್ದೆ."

"ಎಷ್ಟು ಚೆನ್ನಾಗಿ?"

"ಬ್ರೇಕ್ ಬೇಕಿರ್ಲಿಲ್ಲ."